ಕೂಸಿನ ಕೈಕಾಲು ಬಲಿಯುವ ಬಗೆ: ಮಣ್ಣೆತ್ತಿನಿಂದ ಅಂಗನವಾಡಿಯವರೆಗೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮನೆಗೆ ಬಂದ ಹಿರಿಯ ಹೆಣ್ಣುಮಗಳು ತೊಟ್ಟಿಲಲ್ಲಿ ಇಣುಕಿ ಮೊದಲು ಕೇಳುವ ಮಾತು, "ಕೂಸು ಡಬ್ಬ ಬೀಳ್ತೈತೇನವಾ?" ಎರಡು ತಿಂಗಳು ಬಿಟ್ಟು ಬಂದರೆ "ಕುಂದರ್ತೈತಿಲ್ಲೋ?" ಎಂದು ಕೇಳುತ್ತಾಳೆ. ಮುಂದಿನ ಸಲ ಅಂಬೆಗಾಲಿನ ವಿಚಾರ, ಆಮೇಲೆ ಗೋಡೆ ಹಿಡಿದು ನಿಲ್ಲುವುದು, ಹೊಸ್ತಿಲು ದಾಟುವುದು, ತಪ್ಪು ಹೆಜ್ಜೆ. ಕೂಸಿನ ಬೆಳವಣಿಗೆಯನ್ನು ತಜ್ಞರು ಅಳತೆಗೋಲಿಗೆ ಹಚ್ಚುವ ಎಷ್ಟೋ ಮೊದಲೇ ಓಣಿಯ ಹೆಂಗಸರ ಬಳಿ ಈ ಲೆಕ್ಕವಿತ್ತು. ಇಂದು ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯಲ್ಲಿ ಸ್ಥೂಲ ಸ್ನಾಯು, ಸೂಕ್ಷ್ಮ ಸ್ನಾಯು ಎಂಬ ಮಾತುಗಳು ಬರುತ್ತವೆ. ಓಡುವುದು, ಜಿಗಿಯುವುದು, ಹತ್ತುವುದು ಮೊದಲನೆಯದರ ಕೆಲಸ. ಚಿವುಟುವುದು, ಪೋಣಿಸುವುದು, ಗುಂಡಿ ಹಾಕುವುದು ಎರಡನೆಯದರದು. ಎರಡೂ ಬಲಿಯುವುದು ಆಟದಲ್ಲಿ. ಇದು ಗೊತ್ತಾಗಿ ಬಹಳ ಕಾಲವಾಯಿತು, ಆದರೆ ಆಟಕ್ಕೆ ಬೇಕಾದ ನೆಲ, ಹೊತ್ತು ಎರಡನ್ನೂ ನಾವು ಮಕ್ಕಳಿಂದ ಕಸಿಯುತ್ತ ಬಂದಿದ್ದೇವೆ. ಕಳೆದ ನೂರು ವರ್ಷದಲ್ಲಿ ಈ ತಿಳಿವಳಿಕೆ ಬೆಳೆದ ದಾರಿ ಯಾವುದು, ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ನೋಡೋಣ.

ಈ ವಿದ್ಯೆಯ ಮೊದಲ ಘಟ್ಟ ತಿಂಗಳುಗಳನ್ನು ಎಣಿಸುವುದರಲ್ಲಿ ಕಳೆಯಿತು. ಅಮೆರಿಕದ ಆರ್ನಾಲ್ಡ್ ಗೆಸೆಲ್ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಮಕ್ಕಳ ಚಲನೆಯನ್ನು ಚಿತ್ರೀಕರಿಸಿ, ಯಾವ ವಯಸ್ಸಿಗೆ ಏನು ಬರುತ್ತದೆ ಎಂದು ಪಟ್ಟಿ ಮಾಡಿದರು. ಹತೋಟಿ ತಲೆಯಿಂದ ಕಾಲಿನತ್ತ, ನಡುವಿನಿಂದ ಬೆರಳಿನತ್ತ ಇಳಿಯುತ್ತದೆ ಎಂಬ ಅವರ ಮಾತು ಇಂದಿಗೂ ಪಠ್ಯಪುಸ್ತಕದಲ್ಲಿದೆ. ಕಾಲ ಬಂದಾಗ ಎಲ್ಲವೂ ತಾನಾಗಿ ಬರುತ್ತದೆ ಎಂಬುದು ಅವರ ನಿಲುವು. ಆ ನಿಲುವನ್ನು ಅಲುಗಿಸಿದ್ದು ಒಂದು ನೋವಿನ ಸಂಗತಿ. ವೇನ್ ಡೆನಿಸ್ ಎಂಬ ಮನಃಶಾಸ್ತ್ರಜ್ಞ 1960ರಲ್ಲಿ ತೆಹರಾನಿನ ಅನಾಥಾಲಯಗಳ ಮಕ್ಕಳ ಬಗ್ಗೆ ವರದಿ ಪ್ರಕಟಿಸಿದರು. ಅಲ್ಲಿ ಹಗಲೆಲ್ಲ ಅಂಗಾತ ಮಲಗಿಸಿ ಬಿಟ್ಟ, ಎತ್ತಿಕೊಳ್ಳುವವರಿಲ್ಲದ ಮಕ್ಕಳಲ್ಲಿ ಬಹುಪಾಲು ಮೂರು ವರ್ಷವಾದರೂ ನಡೆಯುತ್ತಿರಲಿಲ್ಲ. ಎತ್ತಿ ಆಡಿಸುವವರಿದ್ದ ಇನ್ನೊಂದು ಸಂಸ್ಥೆಯ ಮಕ್ಕಳು ಹೊತ್ತಿಗೆ ಸರಿಯಾಗಿ ನಡೆದರು. ವಯಸ್ಸು ಒಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

1984ರಲ್ಲಿ ಎಸ್ತರ್ ಥೆಲೆನ್ ಮತ್ತು ಸಂಗಡಿಗರು ತೋರಿಸಿದ್ದು ಇನ್ನೂ ಸೊಗಸಾದದ್ದು. ಆಗ ಹುಟ್ಟಿದ ಕೂಸಿನ ಕಂಕುಳಿಗೆ ಕೈಕೊಟ್ಟು ಪಾದವನ್ನು ನೆಲಕ್ಕೆ ತಾಗಿಸಿದರೆ ಅದು ಹೆಜ್ಜೆ ಎತ್ತಿಡುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಆ ಹೆಜ್ಜೆ ಕಾಣೆಯಾಗುತ್ತದೆ. ಮೆದುಳು ಬೆಳೆದು ಅದನ್ನು ಅಡಗಿಸುತ್ತದೆ ಎಂದೇ ಎಲ್ಲರೂ ನಂಬಿದ್ದರು. ಥೆಲೆನ್ ಕೂಸಿನ ಕಾಲನ್ನು ನೀರಿನಲ್ಲಿ ಇಳಿಬಿಟ್ಟರು. ಹೆಜ್ಜೆ ಮರಳಿ ಬಂತು! ತೊಡೆಗೆ ಮೈ ಬಂದ ವೇಗದಲ್ಲಿ ಬಲ ಬಂದಿರಲಿಲ್ಲ, ಅಷ್ಟೆ. ಮೆದುಳು, ಸ್ನಾಯು, ಮೈಯ ಭಾರ, ಕಾಲಡಿಯ ನೆಲ ಎಲ್ಲವೂ ಕೂಡಿ ಒಂದು ಹೆಜ್ಜೆಯಾಗುತ್ತದೆ ಎಂಬ ತಿಳಿವು ಅಲ್ಲಿಂದ ಗಟ್ಟಿಯಾಯಿತು.

ಭಾರತದ ಮಕ್ಕಳಿಗೆ ಹೊಂದುವ ಅಳತೆಗೋಲು ಬಂದದ್ದು ಬರೋಡದಲ್ಲಿ ಪ್ರಮೀಳಾ ಫಾಟಕ್ ಮತ್ತು ಸಂಗಡಿಗರ ಕೆಲಸದಿಂದ. ಅದೇ ಬರೋಡ ಪ್ರಮಾಣಗಳಿಂದ 17 ಅಂಶಗಳನ್ನು ಆಯ್ದು, ಹಳ್ಳಿಯ ಕಾರ್ಯಕರ್ತೆಯೂ ಬಳಸಬಹುದಾದ ತಿರುವನಂತಪುರ ಪಟ್ಟಿಯನ್ನು ಎಂ.ಕೆ.ಸಿ. ನಾಯರ್ 1991ರ ಹೊತ್ತಿಗೆ ರೂಪಿಸಿದರು. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಮಕ್ಕಳನ್ನು ಆಧರಿಸಿ ಆರು ಮೈಲಿಗಲ್ಲುಗಳ ಕಾಲಾವಧಿಯನ್ನು ಪ್ರಕಟಿಸಿತು. ಆಸರೆಯಿಲ್ಲದೆ ಕೂಡುವುದು 3.8ರಿಂದ 9.2 ತಿಂಗಳೊಳಗೆ; ತಾನೇ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡಿಗೆಗೆ ದಾಟಿದ್ದವು. ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೆ ನಡೆಯಿತೆಂದು ಹೊಟ್ಟೆ ತೊಳಸಿಕೊಳ್ಳುವ ತಾಯಂದಿರಿಗೆ ಈ ಅಂಕಿಗಳನ್ನು ಯಾರಾದರೂ ಓದಿ ಹೇಳಬೇಕು.

ಸಾಕುವ ರೂಢಿಯಿಂದಲೂ ಈ ಕಾಲಾವಧಿ ಬದಲಾಗುತ್ತದೆ. ಚಾರ್ಲ್ಸ್ ಸೂಪರ್ ಎಂಬ ಸಂಶೋಧಕ 1976ರಲ್ಲಿ ಕೀನ್ಯಾದ ಕಿಪ್ಸಿಗಿಸ್ ತಾಯಂದಿರ ಬಗ್ಗೆ ಬರೆದರು. ಅವರು ಕೂಸಿಗೆ ಕೂಡುವುದನ್ನೂ ನಡೆಯುವುದನ್ನೂ ರೂಢಿ ಮಾಡಿಸುತ್ತಾರೆ, ಹಾಗಾಗಿ ಅಲ್ಲಿಯ ಮಕ್ಕಳಿಗೆ ಅವೆರಡೂ ಬೇಗ ಬರುತ್ತವೆ. ನಮ್ಮ ಕಡೆ ಬಾಣಂತನದಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಎರೆಯುವಾಕೆ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಡಬ್ಬ ಹಾಕಿಕೊಂಡು ಬೆನ್ನು ನೀವುತ್ತಾಳೆ. ಕೂಸು ಕತ್ತೆತ್ತಲು ತಿಣುಕುತ್ತದೆ. ಇನ್ನೂ ಹರಿದಾಡದ ಕೂಸನ್ನು ಎಚ್ಚರವಿದ್ದಾಗ ದಿನಕ್ಕೆ ಕನಿಷ್ಠ 30 ನಿಮಿಷ ಹೊಟ್ಟೆಯ ಮೇಲೆ ಮಲಗಿಸಬೇಕೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದರ ಒಂದು ಪಾಲು ನಮ್ಮ ಬಚ್ಚಲುಮನೆಯಲ್ಲೇ ಸಲ್ಲುತ್ತಿತ್ತು. ಆದರೆ ಕೈಕಾಲು ಜಗ್ಗಿ ಮುರಿಯುವಂತೆ ತಿರುವುವುದು, ಮೂಗು-ಕಿವಿಗೆ ಎಣ್ಣೆ ಬಿಡುವುದು ಅಪಾಯ. ಹಳೆಯದೆಂಬ ಕಾರಣಕ್ಕೆ ಅವನ್ನು ಉಳಿಸಿಕೊಳ್ಳಬೇಕಿಲ್ಲ. ಹಾಗೆಯೇ, ಕೂಸು ನಿಂತು ತಳ್ಳುವ ಮೂರು ಗಾಲಿಯ ಕಟ್ಟಿಗೆಯ ಗಾಡಿಯನ್ನು ಮೂಲೆಗೆ ಹಾಕಿ, ಒಳಗೆ ಕೂರಿಸುವ ಪ್ಲಾಸ್ಟಿಕ್ ವಾಕರ್ ತಂದದ್ದು ಒಳ್ಳೆಯ ಬದಲಾವಣೆಯಲ್ಲ. ಮಕ್ಕಳು ಉರುಳಿ ಗಾಯಗೊಳ್ಳುತ್ತಿದ್ದುದರಿಂದ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಸಂತೆಪೇಟೆಗಳಲ್ಲಿ ಇನ್ನೂ ನೇತುಹಾಕಿ ಮಾರುತ್ತಾರೆ.

ಇನ್ನು ಶಾಲೆಯ ಕತೆ. 1837ರಲ್ಲಿ ಜರ್ಮನಿಯಲ್ಲಿ ಫ್ರೊಬೆಲ್ ತೆರೆದ ಶಿಶುಶಾಲೆ, ಆಮೇಲೆ ಮಾರಿಯಾ ಮಾಂಟೆಸ್ಸರಿ ಇಟಲಿಯಲ್ಲಿ ನಡೆಸಿದ ಪ್ರಯೋಗ ಇವೆರಡೂ ಕೈಗೆ ಕೆಲಸ ಕೊಡುವುದರಿಂದಲೇ ಕಲಿಕೆ ಶುರುವಾಗಬೇಕೆಂದು ಹೇಳಿದವು. 1939ರಲ್ಲಿ ಮದ್ರಾಸಿಗೆ ಬಂದ ಮಾಂಟೆಸ್ಸರಿ ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದಿದ್ದರು. ಅವರೊಂದಿಗೆ ದುಡಿದ ತಾರಾಬಾಯಿ ಮೋಡಕ್, ಮುಂದೆ ಅನುತಾಯಿ ವಾಘ್ ಜೊತೆ 1945ರಲ್ಲಿ ಅಂದಿನ ಮುಂಬಯಿ ಪ್ರಾಂತದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದಲ್ಲಿ ನೆಲೆ ನಿಂತರು. ಮಾಂಟೆಸ್ಸರಿಯ ಬೆಲೆಬಾಳುವ ಉಪಕರಣ ಆದಿವಾಸಿ ಹಾಡಿಗೆ ನಿಲುಕದು ಎಂದು ಕಂಡ ಈ ಇಬ್ಬರೂ ಬೀಜ, ಕಲ್ಲು, ಎಲೆ, ಮಣ್ಣನ್ನೇ ಕೈಗೆತ್ತಿಕೊಂಡರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಭಾರತದ ಶಿಶುಶಿಕ್ಷಣಕ್ಕೆ ಇದಕ್ಕಿಂತ ದೊಡ್ಡ ಕೊಡುಗೆಯನ್ನು ಇನ್ನಾರೂ ಕೊಟ್ಟಿಲ್ಲವೆಂದು ನನ್ನ ಎಣಿಕೆ. ಬೋರ್ಡಿಯಲ್ಲಿ ಈ ಕೆಲಸ ಶುರುವಾದಾಗ ಬೆಳಗಾವಿ ಜಿಲ್ಲೆಯೂ ಅದೇ ಮುಂಬಯಿ ಪ್ರಾಂತದಲ್ಲಿತ್ತು. ರಾಮದುರ್ಗ ಮಾತ್ರ 1948ರವರೆಗೆ ತನ್ನದೇ ಸಂಸ್ಥಾನವಾಗಿತ್ತು.

ಸ್ವಾತಂತ್ರ್ಯದ ನಂತರ, 1953ರಲ್ಲಿ ಆರಂಭವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ನೆರವಿನಿಂದ ದೇಶದ ಹಳ್ಳಿಗಳಲ್ಲಿ ಬಾಲವಾಡಿಗಳು ತೆರೆದವು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಅಂಗನವಾಡಿಗಳಿವೆ. ಯೋಜನೆ ಮೊದಲಿನಿಂದಲೂ ಹೊಟ್ಟೆಗೆ ಕೊಟ್ಟ ಮಹತ್ವವನ್ನು ಆಟಕ್ಕೆ ಕೊಡಲಿಲ್ಲ. ಹಾಗೆ ಮಾಡಿದ್ದಕ್ಕೆ ಕಾರಣವೂ ಇತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಹೊಟ್ಟೆ ತುಂಬದ ಕೂಸು ಓಡಾಡುವುದೂ ಕಡಿಮೆ, ಓಡಾಡದ ಕೂಸಿನ ಕಾಲಿಗೆ ಬಲವೂ ಕಡಿಮೆ. ಮೊಟ್ಟೆ ಕೊಟ್ಟು ಕೂಡಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ಇದನ್ನು ಜಮೈಕಾದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ 1991ರಲ್ಲೇ ತೋರಿಸಿದ್ದರು. ಬೆಳವಣಿಗೆ ಕುಂಠಿತವಾದ 129 ಮಕ್ಕಳಲ್ಲಿ ಕೆಲವರಿಗೆ ಪೂರಕ ಆಹಾರ, ಕೆಲವರಿಗೆ ಮನೆಯಲ್ಲೇ ಮಾಡಿದ ಆಟಿಕೆಗಳೊಂದಿಗೆ ವಾರಕ್ಕೊಮ್ಮೆ ಮನೆಭೇಟಿಯ ಆಟ, ಕೆಲವರಿಗೆ ಎರಡೂ. ಎರಡೂ ಸಿಕ್ಕ ಮಕ್ಕಳೇ ಎಲ್ಲರಿಗಿಂತ ಮುಂದೆ ಬಂದರು.

ಇಂಥದೇ ಒಂದು ಪ್ರಯೋಗ ನಮ್ಮ ಬೆಳಗಾವಿ ಜಿಲ್ಲೆಯಲ್ಲೂ ನಡೆದಿದೆ ಎಂಬುದು ಇಲ್ಲಿಯ ಬಹಳ ಜನರಿಗೆ ತಿಳಿಯದು. ಹುಟ್ಟುವಾಗ ಉಸಿರುಗಟ್ಟಿ, ಚೀಲ-ಮುಖವಾಡದಿಂದ ಗಾಳಿ ಕೊಟ್ಟು ಬದುಕಿಸಿದ ಕೂಸುಗಳನ್ನು ಬೆಳಗಾವಿ, ಪಾಕಿಸ್ತಾನ, ಜಾಂಬಿಯಾ ಮೂರೂ ಕಡೆ ಮೂರು ವರ್ಷ ತುಂಬುವವರೆಗೆ ಹಿಂಬಾಲಿಸಲಾಯಿತು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಈ ಕೆಲಸದಲ್ಲಿತ್ತು. ಒಂದು ಗುಂಪಿನ ತಾಯಂದಿರ ಮನೆಗೆ ತರಬೇತಿ ಪಡೆದವರು ಎರಡು ವಾರಕ್ಕೊಮ್ಮೆ ಹೋಗಿ, ಆ ವಯಸ್ಸಿಗೆ ಹೊಂದುವ ಆಟಗಳನ್ನು ಆಡಿ ತೋರಿಸುತ್ತಿದ್ದರು. ಉಳಿದ ದಿನ ತಾಯಿ ಆಡಿಸಬೇಕು. ಇನ್ನೊಂದು ಗುಂಪಿಗೆ ಆರೋಗ್ಯ, ಸುರಕ್ಷತೆಯ ಮಾತು ಮಾತ್ರ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಮೂರನೇ ವರ್ಷಕ್ಕೆ ಆಟವಾಡಿಸಿದ ಗುಂಪಿನ ಮಕ್ಕಳು ಬುದ್ಧಿಯ ಅಳತೆಯಲ್ಲೂ ಚಲನೆಯ ಅಳತೆಯಲ್ಲೂ ಮೇಲಿದ್ದರು. ಅಲ್ಲಿ ಮುಖ್ಯವಾದದ್ದು ಅಂಗಡಿಯ ಆಟಿಕೆಯಲ್ಲ. ಮನೆಗೆ ಬಂದ ಒಬ್ಬ ತಿಳಿದ ಹೆಂಗಸು. ಇದೇ ಜಿಲ್ಲೆಯ ಗೋಕಾಕ ಮರದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿಯ ಬಣ್ಣದ ಮರದ ಹಣ್ಣುಗಳು ಪಡಸಾಲೆಯ ಗೂಡಿನಲ್ಲಿ ಚಂದ, ಕೂಸಿನ ಕೈಗೆ ಸಿಕ್ಕರೆ ಇನ್ನೂ ಚಂದ.

ಈಗ ನಮ್ಮ ನೆಲದ ಆಟಗಳಿಗೆ ಬರುತ್ತೇನೆ. ಬೈಲಹೊಂಗಲ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳು ಒಂದೇ ಬಗೆಯವಲ್ಲ. ಕಿತ್ತೂರಿನ ಕಡೆ ಮಲೆನಾಡಿನ ಸೆರಗು. ಬೈಲಹೊಂಗಲ, ಸವದತ್ತಿಯಲ್ಲಿ ಎರೆಭೂಮಿ. ರಾಮದುರ್ಗದಲ್ಲಿ ಮಲಪ್ರಭೆಯ ದಂಡೆ, ಮಗ್ಗದ ಸದ್ದು. ಆದರೆ ಆಟದ ಪಂಚಾಂಗ ಎಲ್ಲ ಕಡೆಯೂ ಸರಿಸುಮಾರು ಒಂದೇ.

ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಮನೆಗೆ ಎರೆಮಣ್ಣು ಬರುತ್ತದೆ. ನಾಲ್ಕು ವರ್ಷದ ಮಗುವೊಂದು ಎತ್ತು ಮಾಡುವುದನ್ನು ಕೂತು ನೋಡಿ. ಮೊದಲು ನೀರು ಚಿಮುಕಿಸಿ ಎರಡೂ ಅಂಗೈಯಿಂದ ನಾದುತ್ತದೆ; ಆ ಭಾರಕ್ಕೆ ಭುಜ, ಮೊಳಕೈ, ಮುಂಗೈ ಮೂರೂ ದುಡಿಯುತ್ತವೆ. ಆಮೇಲೆ ಮುದ್ದೆಯನ್ನು ಹಲಗೆಯ ಮೇಲೆ ಹೊರಳಿಸಿ ಉದ್ದ ಮಾಡುತ್ತದೆ. ಇಲ್ಲಿ ಎರಡು ಕೈಯ ಒತ್ತು ಸಮನಾಗಿರಬೇಕು, ಇಲ್ಲದಿದ್ದರೆ ಒಂದು ತುದಿ ಚೂಪಾಗುತ್ತದೆ. ಕಾಲು ಹಚ್ಚುವಾಗ ಎಡಗೈ ಮೈಯನ್ನು ಹಿಡಿದಿರುತ್ತದೆ, ಬಲಗೈ ಮೆತ್ತುತ್ತದೆ. ಕೋಡು ತೆಗೆಯಲು ಹೆಬ್ಬೆರಳು, ತೋರುಬೆರಳಿನ ನಡುವೆ ಚಿವುಟಿ ಮೇಲಕ್ಕೆ ಎಳೆಯಬೇಕು. ಮುಂದೆ ಪೆನ್ಸಿಲ್ ಹಿಡಿಯುವುದಕ್ಕೆ ಬೇಕಾಗುವ ಹಿಡಿತ ಇದೇ. ಕೊನೆಗೆ ಕಣ್ಣಿಗೆ ಗುಲಗಂಜಿ ಒತ್ತುತ್ತಾರೆ. ಅದು ವಿಷದ ಬೀಜ. ಸಣ್ಣವರ ಕೈಗೆ ಜೋಳದ ಕಾಳು ಕೊಡುವುದು ಲೇಸು, ಅದನ್ನೂ ಮೂರು ದಾಟಿದವರಿಗೆ. ಅಮಾವಾಸ್ಯೆ ಕಳೆದ ಮೇಲೆ ಬರುವ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ಅಂದರೆ ಬೆರಳಿಗೆ ತಿಂಗಳಿಡೀ ಕೆಲಸ. ಯಾವ ಪಠ್ಯಕ್ರಮವೂ ಇಷ್ಟು ಒಪ್ಪವಾಗಿ ಅಭ್ಯಾಸವನ್ನು ಹಂಚಿಕೊಟ್ಟಿಲ್ಲ.

ಪಂಚಮಿಗೆ ಗಿಡಕ್ಕೆ ಜೋಕಾಲಿ ಬೀಳುತ್ತದೆ. ಜೀಕುವುದನ್ನು ಯಾರೂ ಬಾಯಲ್ಲಿ ಹೇಳಿ ಕಲಿಸಲಾರರು. ಮುಂದೆ ಹೋಗುವಾಗ ಕಾಲು ಚಾಚಿ, ಹಿಂದೆ ಬರುವಾಗ ಮಡಚಿ, ಮೈಯ ಭಾರವನ್ನು ಹೊತ್ತಿಗೆ ಸರಿಯಾಗಿ ಒಗೆಯುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಕೊಬ್ಬರಿ ಬಟ್ಟಲಿಗೆ ತೂತು ಕೊರೆದು ದಾರ ಪೋಣಿಸಿ ಗಿರಗಿರ ತಿರುಗಿಸುವ ಆಟಕ್ಕೆ ಎರಡೂ ಕೈ ಒಂದೇ ತಾಳಕ್ಕೆ ಜಗ್ಗಿ ಸಡಿಲಿಸಬೇಕು. ಐದಾರು ವರ್ಷಕ್ಕೆ ಅದು ಕೂಡಿಬರುತ್ತದೆ. ಹೋಳಿಯ ಹಲಗೆಯೂ ಎರಡು ಕೈಯ ವಿದ್ಯೆಯೇ. ರಾಶಿಯ ಕಾಲದಲ್ಲಿ ಜೋಳದ ದಂಟು ಸಿಕ್ಕರೆ ಸಿಬರು ಸುಲಿದು, ಬೆಂಡಿಗೆ ಚುಚ್ಚಿ, ಎತ್ತಿನ ಬಂಡಿ ಮಾಡುವ ಹುಡುಗರು ಈಗಲೂ ಅಲ್ಲಲ್ಲಿ ಇದ್ದಾರೆ. ಬೆಂಡು ಮೆತ್ತಗೆ, ಸಿಬರು ಚೂಪು. ಎಷ್ಟು ಒತ್ತಿದರೆ ಚುಚ್ಚುತ್ತದೆ, ಎಷ್ಟಕ್ಕೆ ಮುರಿಯುತ್ತದೆ ಎಂಬ ಅಳತೆ ಬೆರಳಿಗೆ ಅಲ್ಲಿ ಸಿಗುತ್ತದೆ. ಕುಂಟಾಟ, ಲಗೋರಿ, ಬಗರಿ, ಚಿಣಿದಾಂಡು ಇವು ದೊಡ್ಡ ಮಕ್ಕಳ ಆಟ. ಆದರೆ ನಾಲ್ಕು ವರ್ಷಕ್ಕೆ ಒಂಟಿಕಾಲಲ್ಲಿ ಒಂದೆರಡು ಸಲ ಜಿಗಿಯಬಲ್ಲ ಮಗು ಕುಂಟಾಟದ ಮೊದಲ ಮನೆಯಲ್ಲಿ ನಿಂತೇ ನಿಲ್ಲುತ್ತದೆ. ಅಕ್ಕಂದಿರ ಆಟಕ್ಕೆ ಅಂಟಿಕೊಂಡ ತಂಗಿಯನ್ನು ಓಡಿಸಬೇಡಿ, ಅವಳು ಅಲ್ಲಿಯೇ ಕಲಿಯುವುದು.

ಈ ಪಂಚಾಂಗ ಸಡಿಲವಾಗಿದೆ. ಓಣಿಯ ನೆಲಕ್ಕೆ ಕಾಂಕ್ರೀಟ್ ಬಿತ್ತು, ಬೈಕುಗಳು ಬಂದವು, ರಾಶಿಯನ್ನು ಯಂತ್ರ ಮಾಡತೊಡಗಿದ ಮೇಲೆ ಕಣ ಇಲ್ಲವಾಯಿತು, ಕೂಸಿನ ಕೈಗೆ ಮೊಬೈಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆಯಂತೆ ಮೂರು-ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ ಕನಿಷ್ಠ 60 ನಿಮಿಷ ಏದುಸಿರು ಬರುವಂತೆ. ಪರದೆಯ ಮುಂದೆ ಒಂದು ಗಂಟೆ ಮೀರಬಾರದು. ಹಿಂದೆ ಓಣಿ ಇದನ್ನು ತಾನಾಗಿ ಪೂರೈಸುತ್ತಿತ್ತು. ಈಗ ಮನೆ, ಅಂಗನವಾಡಿ ಎರಡೂ ಸೇರಿ ಯೋಜಿಸಿ ಕೊಡಬೇಕಾಗಿದೆ.

ಸರ್ಕಾರದ ಕಾಗದದಲ್ಲಿ ಈ ಮಾತುಗಳೆಲ್ಲ ಬಂದಿವೆ. ಆಟದ ಮೂಲಕ ಕಲಿಕೆ ಎಂಬುದು 1986ರ ಶಿಕ್ಷಣ ನೀತಿಯಲ್ಲೇ ಇತ್ತು. 2013ರಲ್ಲಿ ಶಿಶು ಆರೈಕೆ ಮತ್ತು ಶಿಕ್ಷಣಕ್ಕೇ ರಾಷ್ಟ್ರೀಯ ನೀತಿ ಬಂತು. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದ ಮಕ್ಕಳಿಗೆ ಪಠ್ಯಪುಸ್ತಕವೇ ಬೇಡವೆಂದಿತು. 2024ರಲ್ಲಿ ಕೇಂದ್ರ ಸರ್ಕಾರ ಮೂರು ವರ್ಷದೊಳಗಿನವರಿಗೆ 'ನವಚೇತನ', ಅದರ ಮೇಲಿನವರಿಗೆ 'ಆಧಾರಶಿಲಾ' ಎಂಬ ಕೈಪಿಡಿಗಳನ್ನು ತಂದಿತು. ಕರ್ನಾಟಕದ ಅಂಗನವಾಡಿಗಳಲ್ಲಿ 'ಚಿಲಿಪಿಲಿ' ಪಠ್ಯಕ್ರಮ ಇದಕ್ಕೂ ಮೊದಲಿನಿಂದ ಇದೆ. ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಇದರ ಮಹತ್ವ ದೊಡ್ಡದು. ಅಂಬೆಗಾಲಿಡುವ ಕೂಸನ್ನು ಹೊಲದ ಬದುವಿನಲ್ಲಿ ಸೀರೆಯ ಜೋಳಿಗೆಯಲ್ಲಿ ದಿನವಿಡೀ ಕಟ್ಟಿಹಾಕಬೇಕಾದ ತಾಯಿಗೆ ಬೇರೆ ದಾರಿಯಿರಲಿಲ್ಲ, ಈಗ ಇದೆ.

ಆದರೆ ಆಟಕ್ಕೆ ಅಡ್ಡಗಾಲು ಬೇರೆ ಎರಡು ಕಡೆಯಿಂದ ಬಂದಿದೆ. ಒಂದು, ಬರವಣಿಗೆಯ ಅವಸರ. ಮೂರು ವರ್ಷಕ್ಕೆ ಮಗು ವೃತ್ತ ನೋಡಿ ವೃತ್ತ ಬರೆಯಬಲ್ಲದು, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಐದಕ್ಕೆ ತ್ರಿಕೋನ. ತ್ರಿಕೋನ ಬಾರದ ಬೆರಳಿಗೆ ಅಕ್ಷರಮಾಲೆ ಪುಟಗಟ್ಟಲೆ ಬರೆಸುವ ಖಾಸಗಿ ಶಿಶುಶಾಲೆಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಹೆಚ್ಚುತ್ತಿವೆ. ತಂದೆತಾಯಿ ಅದನ್ನೇ ಕೇಳುತ್ತಾರೆ, ಅಂಗನವಾಡಿಯಲ್ಲಿ "ಬರೀ ಆಡಸ್ತಾರ" ಎಂದು ದೂರುತ್ತಾರೆ. ಆಡಿಸುವುದೇ ಅಲ್ಲಿಯ ಪಾಠ. ಎರಡನೆಯದು ಜಾಗ. ಬಾಡಿಗೆ ಕೋಣೆಯಲ್ಲಿ ನಡೆಯುವ ಕೇಂದ್ರ, ಸುತ್ತ ಗಟಾರ, ಮುಂದೆ ರಸ್ತೆ. ಓಡಲು ಹತ್ತು ಹೆಜ್ಜೆ ನೆಲವಿಲ್ಲ. ಇರುವ ಒಬ್ಬ ಕಾರ್ಯಕರ್ತೆ ಸಮೀಕ್ಷೆ, ಮೊಬೈಲ್ ದಾಖಲೆ, ಪಡಿತರದ ಲೆಕ್ಕ ಮುಗಿಸುವಷ್ಟರಲ್ಲಿ ಹೊತ್ತು ಹೋಗುತ್ತದೆ. ಅವಳನ್ನು ಬೈಯುವುದು ಸುಲಭ, ಆದರೆ ಅವಳ ಹೊತ್ತನ್ನು ಮಕ್ಕಳಿಗೆ ಬಿಟ್ಟುಕೊಡುವುದು ಇಲಾಖೆಯ ಹೊಣೆ.

ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಬಾಲಕಿಯರ ಸೈನಿಕ ಶಾಲೆಯಿದೆ. ಆರನೇ ತರಗತಿಗೆ ಅಲ್ಲಿ ಸೇರುವ ಹುಡುಗಿ ಕವಾಯತು, ಕುದುರೆ ಸವಾರಿಗೆ ತಕ್ಕವಳಾಗಬೇಕಾದರೆ ಆರನೇ ವಯಸ್ಸಿಗೆ ಮುಂಚೆ ಅವಳನ್ನು ಗಿಡ ಹತ್ತಲು ಬಿಟ್ಟಿರಬೇಕು. "ಹೆಣ್ಣುಹುಡುಗಿ, ಸುಮ್ಮನ ಕುಂದ್ರು" ಎಂಬ ಮಾತು ಚನ್ನಮ್ಮ, ಬೆಳವಡಿ ಮಲ್ಲಮ್ಮರ ನಾಡಿನಲ್ಲಿ ಕೇಳಿಬರಬಾರದು.

ತಡವಾಗಿ ಬೆಳೆಯುವ ಮಕ್ಕಳ ವಿಚಾರವನ್ನೂ ಹೇಳಬೇಕು. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಮೈಲಿಗಲ್ಲುಗಳು ಚಿತ್ರಸಹಿತ ಇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ, ಮುಂದಿನ ಚಿಕಿತ್ಸೆಯೂ ಉಚಿತ. ಒಂಬತ್ತು-ಹತ್ತು ತಿಂಗಳಾದರೂ ಕೂಡದ, 18 ತಿಂಗಳಾದರೂ ನಡೆಯದ, ಒಂದೇ ಕೈ ಮಾತ್ರ ಬಳಸಿ ಇನ್ನೊಂದನ್ನು ಮುಷ್ಟಿ ಬಿಗಿದಿಟ್ಟ ಕೂಸನ್ನು ಜಾತ್ರೆ, ಹರಕೆ ಎಂದು ಮುಂದೂಡದೆ ವೈದ್ಯರಿಗೆ ತೋರಿಸಿ. ಹರಕೆಯನ್ನು ಆಮೇಲೆಯೂ ತೀರಿಸಬಹುದು. ಆ ಮಗುವಿಗೂ ಆಟ ಬೇಕು, ಉಳಿದವರಿಗಿಂತ ಹೆಚ್ಚಾಗಿ ಬೇಕು.

ನಾಲ್ಕೂ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ಒಂದು ಕೇಳಿಕೆ. ನಿಮ್ಮ ಊರಿನ ಅಂಗನವಾಡಿಗೆ ಟಿವಿ ಕೊಡಿಸುವ ಮೊದಲು ಅದರ ಮುಂದಿನ ಕಲ್ಲು-ಮುಳ್ಳು ತೆಗೆಸಿ ಬೇಲಿ ಹಾಕಿಸಿ. ಒಂದು ಟ್ರ್ಯಾಕ್ಟರ್ ಮರಳು, ಒಂದು ಬುಟ್ಟಿ ಎರೆಮಣ್ಣು, ಗಟ್ಟಿ ಹಗ್ಗದ ಒಂದು ಜೋಕಾಲಿ, ಕೈ ತೊಳೆಯಲು ನೀರು ಕೊಡಿ. ಊರಿನ ಹಿರಿಯ ಹೆಂಗಸರನ್ನು ವಾರಕ್ಕೊಂದು ದಿನ ಕರೆದು, ತಾವು ಆಡಿದ್ದನ್ನು ಮಕ್ಕಳಿಗೆ ಆಡಿ ತೋರಿಸಲು ಹೇಳಿ. ಇಷ್ಟಕ್ಕೆ ಬೆಂಗಳೂರಿನ ಆದೇಶ ಬೇಕಾಗಿಲ್ಲ, ಪಂಚಾಯಿತಿಯ ಒಂದು ಠರಾವು ಸಾಕು.